ಕೆಳಗಿನ ಹಲಗೆಯ ಕಂದು ಬಣ್ಣ

ನೀವು ಎಳೆದುಕೊಳ್ಳುವ ಐದು ಉಸಿರಿನಲ್ಲಿ ಹೆಚ್ಚುಕಡಿಮೆ ಒಂದು ಉಸಿರು ಡಯಾಟಮ್ ಎಂಬ ಪಾಚಿಯ ದುಡಿಮೆ. ಇದು ನಿಮಗೆ ಗೊತ್ತಿರಬೇಕಿತ್ತು. ಮರ ನೆಡಿ ಅಂತ ಬೋರ್ಡು ಹಿಡಿದು ಮೆರವಣಿಗೆ ಹೋಗುವ ನಾವು, ಗಾಜಿನ ಚಿಪ್ಪು ಹೊದ್ದು ನೀರಿನಲ್ಲಿ ತೇಲುವ, ಬರಿಗಣ್ಣಿಗೆ ಕಾಣದ ಈ ಜೀವಿಯ ಹೆಸರನ್ನೂ ಕೇಳಿದವರಲ್ಲ. ಹೋಗಲಿ, ಪಾಚಿಗೇನೂ ಬೇಜಾರಿಲ್ಲ. ಆದರೆ ಅದನ್ನು ಕೋಣೆಯೊಳಗೆ ಇಟ್ಟು, ಹೊತ್ತುಹೊತ್ತಿಗೆ ಬೆಳಕು ಕೊಟ್ಟು, ಊಟ ಕೊಟ್ಟು ಸಾಕುವ ಜನ ಇದ್ದಾರೆ. ಅವರಲ್ಲೊಬ್ಬಳ ಕಥೆ ಇದು.

ಆಕೆ ನನಗೆ ಅತ್ತಿಗೆ, ಸ್ವಂತ ಅಣ್ಣನ ಹೆಂಡತಿ. ಸಂಬಂಧ ಅಂತ ಮೈದುನ ಮೆತ್ತಗೆ ಬರೆಯುತ್ತಾನೆ ಅಂದುಕೊಂಡರೆ ಈ ಅಂಕಣವನ್ನು ನೀವು ಮೊದಲ ಸಲ ಓದುತ್ತಿದ್ದೀರಿ. ಬರೆಯಲಾ ಅಂತ ಕೇಳಿದಾಗ ಅತ್ತಿಗೆಯೇ ಹೇಳಿದ್ದು: "ಬರಿ. ಆದ್ರೆ ಓದಿದವರು 'ಅಯ್ಯೋ ಪಾಪ' ಅನ್ನೋ ಹಾಗೆ ಬರೀಬೇಡ. ತಪ್ಪು ಮಾಡಿದ್ದೀನಿ, ತಪ್ಪು ಅಂತಾನೇ ಬರಿ."

ಕೆಲಸದ ಜಾಗದಲ್ಲಿ ಆಕೆಗೆ ಸ್ವೆಟರಕ್ಕ ಅಂತ ಹೆಸರು. ಬಸ್ ಡಿಪೋ ದಾಟಿದ ಮೇಲೆ ಸಿಗುವ ಹಳೇ ಪ್ರಯೋಗಾಲಯದ ಮೇಲ್ಮಹಡಿಯಲ್ಲಿ, ಉದ್ದ ಮೊಗಸಾಲೆಯ ಕೊನೆಯಲ್ಲಿ, ಕಿಟಕಿಯೇ ಇಲ್ಲದ ಒಂದು ಕೋಣೆ. ಒಳಗೆ ಎಸಿ ನಿಲ್ಲುವಂತಿಲ್ಲ, ಸೆಖೆಯಾದರೆ ಡಯಾಟಮ್‌ಗಳು ಸತ್ತು ತಳದಲ್ಲಿ ಕೆಸರಾಗುತ್ತವೆ. ಹೊರಗೆ ಡಾಂಬರು ಕರಗುವ ಬಿಸಿಲಿದ್ದರೂ ಅತ್ತಿಗೆ ಉಣ್ಣೆ ಸ್ವೆಟರ್ ತೊಟ್ಟೇ ಬಸ್ಸು ಹತ್ತುತ್ತಿದ್ದಳು.

"ಏನಕ್ಕಾ, ಜ್ವರಾನಾ?" ಅಂತ ಕಂಡಕ್ಟರ್ ಕೇಳಿದರೆ, "ಇಲ್ಲಪ್ಪಾ, ಡ್ಯೂಟಿ" ಅನ್ನುತ್ತಿದ್ದಳು.

ಸೇರಿದ್ದು ಬಾಟಲಿ ತೊಳೆಯುವ ಕೆಲಸಕ್ಕೆ. ಒಂದೂ ಬಾಟಲಿ ಒಡೆಯದೆ, ಒಂದು ದಿನವೂ ತಡ ಮಾಡದೆ ವರ್ಷಗಟ್ಟಲೆ ತೊಳೆದ ಮೇಲೆ ಆ ತಣ್ಣನೆಯ ಕೋಣೆಯ ಬೀಗದಕೈ ಆಕೆಯ ಸೊಂಟಕ್ಕೆ ಬಂತು. ಸಮುದ್ರದ ನೀರು ತರಿಸಿ ಸೋಸುವುದು, ಕುಕ್ಕರಿನಂಥ ದೊಡ್ಡ ಪಾತ್ರೆಯಲ್ಲಿ ಕಾಯಿಸಿ ಕ್ರಿಮಿ ತೆಗೆಯುವುದು, ಆರಿದ ಮೇಲೆ ಊಟ ಬೆರೆಸುವುದು. ಅಲ್ಲಿ ಎಲ್ಲರೂ ಅದನ್ನು ಊಟ ಅಂತಲೇ ಕರೆಯುತ್ತಾರೆ: ಸ್ವಲ್ಪ ನೈಟ್ರೇಟು, ಸ್ವಲ್ಪ ಫಾಸ್ಫೇಟು, ಚೂರು ವಿಟಮಿನ್ನು, ಜೊತೆಗೆ ಸಿಲಿಕೇಟು. ಬೇರೆ ಪಾಚಿಗಳಿಗೆ ಸಿಲಿಕೇಟ್ ಬೇಕಿಲ್ಲ. ಡಯಾಟಮ್ಮಿಗೆ ಅದಿಲ್ಲದೆ ಚಿಪ್ಪು ಕಟ್ಟಲು ಬರುವುದಿಲ್ಲ, ಚಿಪ್ಪಿಲ್ಲದೆ ಒಂದು ಎರಡಾಗುವುದಿಲ್ಲ.

ಇಷ್ಟೆಲ್ಲ ಉಪಚಾರ ಯಾಕೆ ಅಂದರೆ, ಈ ಜೀವಿಯ ಹೊಟ್ಟೆಯೊಳಗೆ ಮನುಷ್ಯನಿಗೆ ಬೇಕಾದ ಎರಡು ಸಾಮಾನಿವೆ. ಒಂದು ಎಣ್ಣೆ, ಇನ್ನೊಂದು ಬಂಗಾರಗಂದು ಬಣ್ಣದ ಒಂದು ವಸ್ತು. ಔಷಧಿ ಮಾಡುವವರು, ಮೀನುಮರಿ ಸಾಕುವವರು ಇವೆರಡಕ್ಕೂ ಬಾಯಿಬಿಟ್ಟುಕೊಂಡು ಕೂತಿದ್ದಾರೆ. ಆದರೆ ಇದು ಮಹಾ ಮೊಂಡು ಜೀವಿ. ನೈಟ್ರೇಟು ಮುಗಿದು ಹಸಿವಾದರೆ ಬೆಳೆಯುವುದನ್ನು ನಿಲ್ಲಿಸಿ ಎಣ್ಣೆ ಕೂಡಿಡುತ್ತದೆ. ಬೆಳಕು ಜೋರಾದರೆ ಬೇಗ ಬೇಗ ಹೆಚ್ಚುತ್ತದೆ, ಬಣ್ಣ ಮಾತ್ರ ಪೇಲವ. ಬೆಳಕು ಮಂದವಾದರೆ ನಿಧಾನಕ್ಕೆ ಬೆಳೆಯುತ್ತದೆ, ಆದರೆ ಇದ್ದಷ್ಟು ಬೆಳಕನ್ನಾದರೂ ಹಿಡಿಯೋಣ ಅಂತ ಮೈತುಂಬ ಕಂದು ಬಣ್ಣ ತುಂಬಿಕೊಳ್ಳುತ್ತದೆ.

ಈ ಕೊನೇ ಮಾತನ್ನು ನೆನಪಿಟ್ಟುಕೊಳ್ಳಿ. ಆ ಕೋಣೆಯಲ್ಲಿ ಕಾಲಿಟ್ಟ ಪ್ರತಿಯೊಬ್ಬರಿಗೂ ಗೊತ್ತಿದ್ದ ಮಾತು ಅದು. ಅದಕ್ಕೇ ಅಲ್ಲೊಂದು ನಿಯಮವಿತ್ತು. ಗೋಡೆಗೊರಗಿದ ಕಬ್ಬಿಣದ ಸ್ಟ್ಯಾಂಡಿನಲ್ಲಿ ಎರಡು ಹಲಗೆ. ಮೇಲಿನ ಹಲಗೆ ತಲೆಗಿಂತ ಎತ್ತರ, ಅದಕ್ಕೆ ಹೊಸ ಟ್ಯೂಬ್‌ಲೈಟು, ಕಣ್ಣು ಕುಕ್ಕುವ ಬೆಳಕು. ಕೆಳಗಿನ ಹಲಗೆಯದು ಹಳೇ ಟ್ಯೂಬು, ಹಳದಿ ತಿರುಗಿ ಮಂಕಾಗಿದ್ದು. ಹೊಸದು ಆ ಹೋಲ್ಡರಿಗೆ ಕೂರುವುದಿಲ್ಲ ಅಂತ ಎಲೆಕ್ಟ್ರಿಷಿಯನ್ ಹೇಳಿ ಹೋದವನು ಮತ್ತೆ ತಲೆ ಹಾಕಿರಲಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಮೇಲಿನ ಬಾಟಲಿಗಳು ಕೆಳಕ್ಕೆ, ಕೆಳಗಿನವು ಮೇಲಕ್ಕೆ. ಎಲ್ಲಕ್ಕೂ ಸಮನಾದ ಬೆಳಕು ಸಿಗಬೇಕು. ಇದಕ್ಕೆ ಅವರು ಇಟ್ಟ ಹೆಸರು ಅದಲುಬದಲು. ಅದು ಸ್ವೆಟರಕ್ಕನ ಕೆಲಸ, ಆಕೆಯೊಬ್ಬಳದೇ.

ಹೀಗಿರುವಾಗ ಆಕೆಯ ಬಲಭುಜ ಹಿಡಿದುಕೊಂಡಿತು.

ಮೊದಲು ತಲೆ ಬಾಚಲು ಕಷ್ಟವಾಯಿತು, ಆಮೇಲೆ ಹಗ್ಗದ ಮೇಲೆ ಬಟ್ಟೆ ಹರವಲು. ಡಾಕ್ಟರು ಭುಜ ಗಡುಸಾಗಿದೆ, ವ್ಯಾಯಾಮ ಮಾಡಿ, ತಣ್ಣಗಿರೋ ಜಾಗದಲ್ಲಿ ಹೆಚ್ಚು ಹೊತ್ತು ಇರಬೇಡಿ ಅಂದರಂತೆ. ಅತ್ತಿಗೆ ಹೂಂ ಅಂದು ಎದ್ದು ಬಂದು, ಮಾರನೇ ದಿನ ಬೀಗ ತೆಗೆದು ಆ ಎಸಿ ಕೋಣೆಯೊಳಕ್ಕೇ ಹೋದಳು.

ಮನೆಯಲ್ಲಿ ಮೊದಲು ಗೊತ್ತಾಗಿದ್ದು ನನ್ನಣ್ಣನಿಗೆ. ಅವನು ದರ್ಜಿ, ಮನೆಯ ಮುಂದಿನ ಕೋಣೆಯಲ್ಲೇ ಮೆಷಿನ್ನು.

"ರೀ, ಈ ಸ್ವೆಟರ್ ಮುಂದೆ ಸೀಳಿ ಗುಂಡಿ ಹಾಕಿಕೊಡ್ತೀರಾ?"

"ಚೆನ್ನಾಗಿರೋದನ್ನ ಯಾಕೇ ಸೀಳ್ಬೇಕು?"

"ಈಗ ಎಲ್ಲರೂ ಹಂಗೇ ಹಾಕ್ಕೊಳ್ಳೋದು."

"ಓಹೋ, ಮೊಮ್ಮಕ್ಕಳನ್ನ ಎತ್ತಾಡಿಸೋ ವಯಸ್ಸಲ್ಲಿ ಫ್ಯಾಷನ್ನು. ಸರಿ, ನಿಂತ್ಕೋ, ಅಳತೆ ತಗೋತೀನಿ. ಕೈ ಎತ್ತು."

ಆಕೆ ಎತ್ತಿದಳು.

"ಎತ್ತೇ ಅಂದ್ರೆ."

"ಎತ್ತಿದ್ದೀನಿ."

ಅಣ್ಣ ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡು ಆಕೆಯ ಮುಖ ನೋಡಿದ. "ಆಫೀಸಲ್ಲಿ ಹೇಳಿದ್ದೀಯಾ?"

"ಹೇಳಿ? ಸ್ಟೋರಿನ ತಾತನ ಹಂಗೆ ಗೇಟಲ್ಲಿ ಕೂರ್ಲಾ?"

ಸ್ಟೋರಿನ ತಾತ ಅಂದರೆ ಅಲ್ಲಿ ರಾಸಾಯನಿಕಗಳ ಡಬ್ಬಿ ನೋಡಿಕೊಳ್ಳುತ್ತಿದ್ದವರು. ಕಣ್ಣು ಸ್ವಲ್ಪ ಮಂಜಾಗ್ತಿದೆ, ಲೇಬಲ್ಲಿನ ಅಕ್ಷರ ದೊಡ್ಡದು ಮಾಡಿಸಿ ಅಂತ ಬಾಯಿಬಿಟ್ಟು ಕೇಳಿದ್ದೇ ತಪ್ಪಾಯಿತು. 'ಪಾಪ, ನಿಮಗೆ ವಿಶ್ರಾಂತಿ ಬೇಕು' ಅಂತ ಗೇಟಿನ ಹತ್ತಿರ ಒಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟರು. ಸ್ವಲ್ಪ ಕಾಲಕ್ಕೆ ಕುರ್ಚಿ ಇತ್ತು, ತಾತ ಇರಲಿಲ್ಲ. ಯಾರೂ ಅವರನ್ನು ಬೈದಿರಲಿಲ್ಲ. ನಮ್ಮಲ್ಲಿ ಕೆಲಸದಿಂದ ತೆಗೆಯುವಾಗ ಬೈಯುವುದಿಲ್ಲ, ಪಾಪ ಅನ್ನುತ್ತೇವೆ.

ಅಣ್ಣ ಸ್ವೆಟರ್ ಸೀಳಿ, ಅಂಚು ಮಡಿಸಿ ಹೊಲಿದು, ಕಂದು ಗುಂಡಿ ಹಚ್ಚಿಕೊಟ್ಟ. ಮುಚ್ಚಿಡುವುದಕ್ಕೆ ಅವನ ಕಸುಬೂ ನೆರವಾಯಿತು. ಅವನನ್ನೂ ನಾನು ಬಿಡುವುದಿಲ್ಲ.

ಆಗಲೇ ಶುರುವಾಗಿದ್ದು ಪುಟ್ಟ ಮೇಡಂ ಪ್ರಯೋಗ. ಪುಟ್ಟ ಮೇಡಂ ಅನ್ನುವುದು ಅತ್ತಿಗೆ ಇಟ್ಟ ಹೆಸರು. ಡಾಕ್ಟರೇಟಿಗೆ ಓದುತ್ತಿದ್ದ ಹುಡುಗಿ, ದುಂಡು ಮುಖ, ನಡೆಯುವುದಕ್ಕಿಂತ ಓಡುವುದೇ ಹೆಚ್ಚು. ಊಟದಲ್ಲಿ ಸಿಲಿಕೇಟ್ ಜಾಸ್ತಿ ಮಾಡಿದರೆ ಕಂದು ಬಣ್ಣ ಹೆಚ್ಚು ಸಿಗುತ್ತದೆ ಅನ್ನುವುದು ಅವಳ ಊಹೆ. ಮೊದಲ ದಿನ ಅವಳೇ ಸ್ಟೂಲು ಹತ್ತಿ, ಹಳೇ ಊಟದ ಬಾಟಲಿಗಳನ್ನು ಮೇಲಿನ ಹಲಗೆಗೂ ಹೊಸ ಊಟದವನ್ನು ಕೆಳಗಿನದಕ್ಕೂ ಜೋಡಿಸಿದಳು. "ನಾಳೆಯಿಂದ ಅದಲುಬದಲು ನಿಮ್ಮದು ಅಕ್ಕಾ" ಅಂದಳು. ಅಕ್ಕ ತಲೆಯಾಡಿಸಿದಳು.

ಮಾರನೇ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಪ್ರಯತ್ನವನ್ನೇನೋ ಮಾಡಿದಳು. ಸ್ಟೂಲು ಹತ್ತಿ ಎಡಗೈಯಲ್ಲೇ ಒಂದು ಬಾಟಲಿ ಹಿಡಿದಳು. ದಪ್ಪ ಗಾಜು, ಕಂಠದವರೆಗೆ ನೀರು, ಗಾಳಿ ಬಿಡುವ ಕೊಳವೆ ಬೇರೆ. ವಾಲಿತು. ತಣ್ಣನೆಯ ಉಪ್ಪುನೀರು ತೋಳಿನೊಳಗಿಂದ ಕಂಕುಳಿಗೆ ಇಳಿಯಿತು. ಒಡೆಯಲಿಲ್ಲ, ಎದೆಗೆ ಒತ್ತಿಹಿಡಿದು ಮತ್ತೆ ಅಲ್ಲೇ ಇಟ್ಟಳು. ಇವತ್ತೊಂದು ದಿನ ಇರಲಿ ಅಂದುಕೊಂಡಳು. ಇವತ್ತೊಂದು ದಿನ ಅನ್ನುವ ಮಾತಿಗೆ ನಾಳೆ ಅನ್ನುವುದೇ ಇರುವುದಿಲ್ಲ, ಅದು ನಿಮಗೂ ಗೊತ್ತು.

ಪುಟ್ಟ ಮೇಡಂಗೆ ಕಾಣಲಿಲ್ಲವಾ ಅಂತ ಕೇಳುತ್ತೀರಿ. ಕಾಣುವ ಹಾಗಿರಲಿಲ್ಲ. ಅವಳು ಮಾದರಿ ತೆಗೆಯಲು ಬರುತ್ತಿದ್ದಿದ್ದು ದಿನ ಬಿಟ್ಟು ದಿನ. ಮೇಲಿದ್ದದ್ದು ನಿನ್ನೆ ಕೆಳಗೆ ಬಂದು, ಇವತ್ತು ಮತ್ತೆ ಮೇಲೆ ಹೋಗಿದ್ದರೆ, ಅವಳ ಕಣ್ಣಿಗೆ ಬಾಟಲಿಗಳು ಪ್ರತಿ ಸಲವೂ ಮೊದಲಿನ ಜಾಗದಲ್ಲೇ ಇರಬೇಕು ತಾನೇ? ಇದ್ದವು. ಎಲ್ಲ ಸರಿಯಾಗಿದ್ದರೆ ಹೇಗೆ ಕಾಣಬೇಕೋ, ಏನೂ ಮಾಡದೆ ಇದ್ದಾಗಲೂ ಹಾಗೇ ಕಂಡಿತು.

ಕೆಳಗಿನ ಹಲಗೆ ಬಣ್ಣ ಕಟ್ಟತೊಡಗಿತು. ಮೇಲಿನವು ತಿಳಿ ಹಳದಿ, ಕೆಳಗಿನವು ಹಾಲು ಹಾಕದ ಚಹಾ. ಸೋಸಿದಾಗ ಕಾಗದದ ಮೇಲೆ ಉಳಿದ ಕಲೆಯೇ ದಟ್ಟ ಕಂದು. ಸ್ಪಿರಿಟ್ಟಿನಲ್ಲಿ ನೆನೆಸಿ ಅಳೆದರೆ ಹೊಸ ಊಟದ ಬಾಟಲಿಗಳಲ್ಲಿ ಬಣ್ಣ ಹತ್ತಿರ ಹತ್ತಿರ ಎರಡು ಪಟ್ಟು. ಪುಟ್ಟ ಮೇಡಂ ಮೊಗಸಾಲೆಯ ತುಂಬ ಓಡಿದಳು. ದೊಡ್ಡ ಸರ್, ಅಂದರೆ ಆ ವಿಭಾಗದ ಮುಖ್ಯಸ್ಥರು, ಕೋಣೆಗೆ ಬಂದು ಕನ್ನಡಕ ಹಣೆಗೇರಿಸಿ ಬಾಟಲಿ ನೋಡಿದರು.

"ಊಟ ಹೊಸದಿರಬಹುದಮ್ಮ, ಬಡಿಸಿದವರು ಯಾರು? ಸ್ವೆಟರಕ್ಕನ ಕೈಗುಣ ಇದು."

ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬರು ಮೊಬೈಲು ತೆಗೆದರು. "ಅಕ್ಕಾ, ಬಾಟಲಿ ಹಿಡ್ಕೊಳ್ಳಿ. ಹಾಗಲ್ಲ, ಮೇಲಕ್ಕೆ, ಲೈಟಿಗೆ ಅಡ್ಡ ಹಿಡೀರಿ, ಬಣ್ಣ ಕಾಣ್ಲಿ."

"ಇಷ್ಟು ಸಾಕು ಬಿಡ್ರಪ್ಪ" ಅಂದಳು.

"ನಾಚಿಕೆ ನೋಡು ಅಕ್ಕಂಗೆ."

ಆ ಫೋಟೋ ನಾನು ನೋಡಿದ್ದೇನೆ. ಕೈಗೂಸನ್ನು ಹಿಡಿದ ಹಾಗೆ ಬಾಟಲಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಾಳೆ. ಎಷ್ಟು ವಿನಯ ಅಂತ ಯಾರಾದರೂ ಅಂದಾರು. ಅದು ಮೇಲೇಳದ ಕೈ.

ಇಲ್ಲಿಯವರೆಗೆ ಹೆದರಿಕೆ. ಹೆದರಿಕೆಯನ್ನು ನಾನು ಕ್ಷಮಿಸಬಲ್ಲೆ, ನೀವೂ ಕ್ಷಮಿಸಿ. ಆದರೆ ಕೈಗುಣ ಅನ್ನಿಸಿಕೊಂಡ ಮೇಲೆ ಅತ್ತಿಗೆಯ ಬಾಯಿ ಮುಚ್ಚಿಸಿದ್ದು ಹೆದರಿಕೆಯಲ್ಲ. ಬಾಟಲಿ ತೊಳೆಯಲು ಬಂದವಳನ್ನು ಸರ್ ಹೆಸರು ಹಿಡಿದು ಹೊಗಳಿದ್ದರು. ಕ್ಯಾಂಟೀನಿನಲ್ಲಿ ಆಕೆಗೆ ಜಾಗ ಬಿಟ್ಟು ಸರಿದು ಕೂರುತ್ತಿದ್ದರು. ಮಂದ ಬೆಳಕಿಗೆ ಬಣ್ಣ ಬರುತ್ತದೆ ಅನ್ನುವುದು ಆಕೆಗೆ ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು. 'ಊಟದಿಂದಲೂ ಇರಬಹುದಲ್ಲ' ಅಂತ ತನಗೆ ತಾನೇ ಹೇಳಿಕೊಂಡಳು. ಬಸ್ಸಿನಲ್ಲಿ ಹೇಳಿಕೊಂಡಳು, ಪಾತ್ರೆ ತೊಳೆಯುವಾಗ ಹೇಳಿಕೊಂಡಳು. "ಒಳಗೊಳಗೇ ಖುಷಿಯಾಗ್ತಿತ್ತು ಕಣೋ" ಅಂತ ಆಮೇಲೆ ನನ್ನ ಹತ್ತಿರ ಹೇಳುವಾಗ ಆಕೆ ನೆಲ ನೋಡುತ್ತಿದ್ದಳು. "ಅದನ್ನ ನೆನೆಸಿಕೊಂಡ್ರೆ ಈಗ ಮೈಯೆಲ್ಲ ಮುದುಡಿಕೊಳ್ಳುತ್ತೆ."

ನಂತರ ಒಂದು ದಿನ ಪುಟ್ಟ ಮೇಡಂ ಬಂದು ಸಂಭ್ರಮದಿಂದ ಹೇಳಿದಳು: ದೊಡ್ಡ ಸಭೆಯೊಂದರಲ್ಲಿ ಈ ಫಲಿತಾಂಶ ಮಂಡಿಸಲು ಕರೆದಿದ್ದಾರೆ. ಹಿರಿಯ ವಿಜ್ಞಾನಿಗಳೆಲ್ಲ ಬರುತ್ತಾರೆ. "ಅಮ್ಮನೂ ಬರ್ತಾರೆ ಅಕ್ಕಾ, ಮುಂದಿನ ಸಾಲಲ್ಲಿ ಕೂರಿಸ್ತೀನಿ. ಕೊನೇಲಿ ಥ್ಯಾಂಕ್ಸ್ ಹೇಳ್ತೀವಲ್ಲ, ಅದ್ರಲ್ಲಿ ನಿಮ್ಮ ಹೆಸರು ಹಾಕಿದ್ದೀನಿ. ನಿಮ್ಮದೇ ಮೊದಲು."

ಆ ಸಂಜೆ ಅತ್ತಿಗೆ ಊಟ ಮಾಡಲಿಲ್ಲ. ಅಣ್ಣ ಕೇಳಿದ್ದಕ್ಕೆ, "ಅವರಮ್ಮ ಬರ್ತಾರಂತ್ರೀ" ಅಂದಳು, ಅಷ್ಟೇ. ಸುಳ್ಳೊಂದನ್ನು ಆ ಹುಡುಗಿಯ ಕೈಗೆ ಕೊಟ್ಟು, ಹೆತ್ತ ತಾಯಿಯ ಎದುರಿಗೇ ಅದನ್ನು ಎತ್ತಿ ತೋರಿಸಲು ಕಳಿಸುತ್ತಿದ್ದೇನೆ ಅನ್ನುವುದು ಆಗ ಆಕೆಗೆ ತಟ್ಟಿತ್ತು. ಅಲ್ಲಿ ಕೂತ ಯಾರಾದರೂ ಒಬ್ಬರು ಇದೇ ಪ್ರಯೋಗ ಮಾಡಿ ನೋಡಿದರೆ ಸಾಕು, ಸುಳ್ಳುಗಾರ್ತಿ ಅನ್ನಿಸಿಕೊಳ್ಳುವವಳು ಪುಟ್ಟ ಮೇಡಂ. ಸ್ವೆಟರಕ್ಕನ ಹೆಸರು ಯಾರೂ ಎತ್ತುವುದಿಲ್ಲ, ಎತ್ತುವಷ್ಟು ದೊಡ್ಡ ಹೆಸರಲ್ಲ ಅದು.

ಮಾರನೇ ಬೆಳಿಗ್ಗೆ ಪುಟ್ಟ ಮೇಡಂ ಬಾಟಲಿಗಳ ಚಿತ್ರ ತೆಗೆಯಲು ಕೋಣೆಗೆ ಬಂದಳು. ಅತ್ತಿಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಮೇಡಂ, ಅದಲುಬದಲು ಮಾಡಿಲ್ಲ."

"ಇವತ್ತಾ? ಪರವಾಗಿಲ್ಲ ಅಕ್ಕಾ, ಪ್ರಯೋಗ ಮುಗೀತಲ್ಲ."

"ಇವತ್ತಲ್ಲ."

"ಮತ್ತೆ?"

"ಯಾವತ್ತೂ."

ಹುಡುಗಿ ನಕ್ಕಳು. ಅಕ್ಕ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡಳು. ಅತ್ತಿಗೆ ಬಲಗೈ ಎತ್ತಿದಳು. ಎದೆಮಟ್ಟಕ್ಕೆ ಬಂದು ನಿಂತಿತು. "ಇಲ್ಲಿಗೆ ನಿಲ್ಲುತ್ತೆ" ಅಂದಳು. ಪುಟ್ಟ ಮೇಡಂ ಆ ಕೈ ನೋಡಿದಳು, ಮೇಲಿನ ಹಲಗೆ ನೋಡಿದಳು, ಕೆಳಗಿನ ಮಂಕು ಟ್ಯೂಬು ನೋಡಿದಳು. ಅಲ್ಲೇ ಸ್ಟೂಲಿನ ಮೇಲೆ ಕೂತಳು.

"ಒಂದು ಮಾತು ಹೇಳಿದ್ರೆ ನಾನೇ ಮಾಡ್ತಿದ್ನಲ್ಲ ಅಕ್ಕಾ. ಯಾಕೆ ಹೇಳ್ಲಿಲ್ಲ?"

"ಮೊದಲು ಹೆದರಿಕೆ."

"ಆಮೇಲೆ?"

ಅತ್ತಿಗೆ ಎಡಗೈಯಿಂದ ಬಲಗೈಯನ್ನು ಕೆಳಗಿಳಿಸಿದಳು.

"ಆಮೇಲೆ ನೀವೆಲ್ಲ ಕೈಗುಣ ಅಂದ್ರಿ."

ಹುಡುಗಿ ಅಳಲಿಲ್ಲ, ಕೂಗಾಡಲಿಲ್ಲ. ಅವಳು ಹೇಳಿದ್ದು ಇಷ್ಟು: "ದಿನ ಬಿಟ್ಟು ದಿನ ಬರ್ತಿದ್ದೆ. ಬಣ್ಣ ಹೇಗಿದೆ ಅಂತ ಕೇಳ್ತಿದ್ದೆ. ಒಂದು ದಿನಾನೂ ನಿಮ್ಮನ್ನ ಹೇಗಿದ್ದೀರಾ ಅಂತ ಕೇಳ್ಲಿಲ್ಲ." ಆಮೇಲೆ ಎದ್ದು ಹೋದಳು. ಅತ್ತಿಗೆ ಆ ಕೋಣೆಯಲ್ಲಿ ಒಬ್ಬಳೇ ನಿಂತಳು. ಬೈಗುಳಕ್ಕೆ ಸಿದ್ಧಳಾಗಿ ಬಂದವಳ ಕೈಗೆ ಈ ಮಾತು ಸಿಕ್ಕಿತ್ತು, ಇದನ್ನು ಎಲ್ಲಿಡುವುದು ಅಂತ ಗೊತ್ತಾಗಲಿಲ್ಲ.

ಪುಟ್ಟ ಮೇಡಂ ಪ್ರಯೋಗವನ್ನು ಮೊದಲಿಂದ ಮಾಡಿದಳು. ದಿನಾ ಬೆಳಿಗ್ಗೆ ತಾನೇ ಬಂದು ಅದಲುಬದಲು ಮಾಡಿದಳು. ಹಳೇ ಊಟ, ಹೊಸ ಊಟ, ಎರಡೂ ಒಂದೇ ಬಣ್ಣಕ್ಕೆ ಬಂದು ನಿಂತವು. ಸಿಲಿಕೇಟು ಏನನ್ನೂ ಮಾಡಿರಲಿಲ್ಲ. ಮಾಡಿದ್ದೆಲ್ಲ ಕೆಳಗಿನ ಹಲಗೆಯ ನೆರಳು. ನಡುವೆ ದೊಡ್ಡ ಸರ್ ಅವಳನ್ನು ಕೂರಿಸಿಕೊಂಡು ಬುದ್ಧಿ ಹೇಳಿದ್ದೂ ಉಂಟು: "ಸಭೆಗೆ ಮೊದಲಿನದ್ದೇ ತಗೊಂಡು ಹೋಗಮ್ಮ. ಒಬ್ಬಾಕೆ ಭುಜದ ವಿಷಯ ಯಾರು ಕೇಳ್ತಾರೆ?" ಅವಳು ಹೋಗಲಿಲ್ಲ. ಮಂಡಿಸಲು ನನ್ನ ಹತ್ತಿರ ಏನೂ ಇಲ್ಲ ಅಂತ ಸಭೆಯವರಿಗೆ ಫೋನ್ ಮಾಡಿ ಹೇಳಿದಳು. ಊರಿಂದ ಹೊರಟಿದ್ದ ಅಮ್ಮನಿಗೂ ಬರಬೇಡ ಅಂದಳು. ಓದು ಮುಗಿಸುವುದು ಈಗ ಇನ್ನೂ ಒಂದು ವರ್ಷ ಮುಂದಕ್ಕೆ.

ಮತ್ತೆ ಅತ್ತಿಗೆ? ಕೆಲಸದಿಂದ ತೆಗೆಯಲಿಲ್ಲ. ಅಷ್ಟು ಕೆಟ್ಟವರಲ್ಲ ಅವರು. 'ಆರೋಗ್ಯದ ದೃಷ್ಟಿಯಿಂದ' ಕೋಣೆಯ ಬೀಗದಕೈ ವಾಪಸ್ ತಗೊಂಡು, ಮತ್ತೆ ಬಾಟಲಿ ತೊಳೆಯುವ ಜಾಗಕ್ಕೆ ಹಾಕಿದರು. ಅಲ್ಲಿ ತೊಳೆದ ಬಾಟಲಿಗಳನ್ನು ಬೋರಲು ಹಾಕುವ ಗೂಟಗಳಿರುವುದು ಸಿಂಕಿನ ಮೇಲೆ, ಗೋಡೆಯಲ್ಲಿ, ತಲೆಯ ಎತ್ತರಕ್ಕೆ. ಕೈ ಎತ್ತಲಾಗದವಳನ್ನು ಕೈ ಎತ್ತಬೇಕಾದ ಇನ್ನೊಂದು ಜಾಗಕ್ಕೆ ಕಳಿಸಿದ ಕಾಗದಕ್ಕೆ ಮೂರು ಜನ ಓದಿದವರು ಸಹಿ ಹಾಕಿದ್ದಾರೆ.

ಪುಟ್ಟ ಮೇಡಂ ಸಂಜೆ ಹೋಗುವ ಮುಂಚೆ ಅಲ್ಲಿಗೆ ಬಂದು, ಮಾತಾಡದೆ, ತೊಳೆದ ಬಾಟಲಿಗಳನ್ನು ಗೂಟಕ್ಕೆ ಹಾಕಿ ಹೋಗುತ್ತಾಳೆ. ಅತ್ತಿಗೆಗೆ ಅದೇ ದೊಡ್ಡ ಶಿಕ್ಷೆ. ಅವಳ ಹೆಜ್ಜೆ ಸದ್ದು ಕೇಳಿದರೆ ನಲ್ಲಿ ಜೋರಾಗಿ ತಿರುಗಿಸಿ ಬಗ್ಗಿ ನಿಲ್ಲುತ್ತಾಳೆ. "ಎರಡು ಬೈದಿದ್ರೆ ಚೆನ್ನಾಗಿತ್ತು. ಬಾಟಲಿ ಹಾಕಿ ಹೋಗ್ತಾಳೆ. ನಾನು ಅವಳ ಒಂದು ವರ್ಷ ನುಂಗಿದ್ದೀನಿ, ಅವಳು ನನ್ನ ಬಾಟಲಿ ಹಾಕಿ ಹೋಗ್ತಾಳೆ."

ಆ ತಣ್ಣನೆಯ ಕೋಣೆಗೆ ಈಗ ಬೇರೊಬ್ಬರು ಬಂದಿದ್ದಾರೆ. ಆ ಸ್ಟ್ಯಾಂಡು ನಾನು ನೋಡಿ ಬಂದೆ. ಉದ್ದಕ್ಕೂ ತೂತು ಕೊರೆದ ಕಬ್ಬಿಣದ ಕಂಬ, ನಾಲ್ಕು ಮೂಲೆಗೆ ನಾಲ್ಕು ಬೋಲ್ಟು. ಬಿಚ್ಚಿ ಮೇಲಿನ ಹಲಗೆಯನ್ನು ನಾಲ್ಕು ತೂತು ಕೆಳಗಿಳಿಸಿ ಮತ್ತೆ ಬಿಗಿದರೆ ಮುಗಿಯಿತು. ಒಂದು ಚಹಾ ಆರುವುದರೊಳಗೆ ಆಗುವ ಕೆಲಸ. ಇಷ್ಟೆಲ್ಲ ಆದ ಮೇಲೂ ಅದು ಇದ್ದಲ್ಲೇ ಇದೆ. ಮನೆಗೆ ಬಂದು ಹೇಳಿದಾಗ ಅಣ್ಣ ಮೆಷಿನ್ನಿನಿಂದ ತಲೆಯೆತ್ತಲಿಲ್ಲ. "ಅಂಗಿ ತೋಳು ಗಿಡ್ಡ ಆದ್ರೆ ನಾನು ತೋಳು ಉದ್ದ ಮಾಡ್ತೀನಿ ಕಣೋ" ಅಂದ, "ಗಿರಾಕಿ ಕೈ ಕತ್ತರಿಸಲ್ಲ."

ಅತ್ತಿಗೆಯ ತಪ್ಪನ್ನು ನಾನು ಸಣ್ಣದು ಮಾಡುತ್ತಿಲ್ಲ. ನೋವನ್ನು ಮುಚ್ಚಿಟ್ಟು ಒಬ್ಬಳ ದುಡಿಮೆ ಹಾಳು ಮಾಡಿದಳು, ತನ್ನದಲ್ಲದ ಹೊಗಳಿಕೆ ತಿಂದಳು. ಅದಕ್ಕೆ ಆಕೆ ನಾಚಿಕೊಂಡಿದ್ದಾಳೆ, ಇನ್ನೂ ನಾಚಿಕೊಳ್ಳುತ್ತಲೇ ಇದ್ದಾಳೆ. ಆದರೆ ನೋವು ಹೇಳಿಕೊಂಡವರನ್ನು ಗೇಟಿಗೆ ಅಟ್ಟುವ ಪದ್ಧತಿ ಆಕೆ ಮಾಡಿದ್ದಲ್ಲ. ಅದನ್ನು ಮಾಡಿಟ್ಟವರು ನಾಚಿಕೊಂಡಿದ್ದನ್ನು ನಾನಂತೂ ಕಂಡಿಲ್ಲ. ನಿಮ್ಮ ಆಫೀಸಿನಲ್ಲಿ, ಅಂಗಡಿಯಲ್ಲಿ, ಅಡುಗೆಮನೆಯಲ್ಲಿ ಅದು ನಡೆಯುತ್ತಿಲ್ಲ ಅಂತ ಎದೆ ಮುಟ್ಟಿ ಹೇಳಬಲ್ಲಿರಾ?

ಓದಿ ಲೊಚಗುಟ್ಟಿ ಪುಟ ತಿರುಗಿಸಬೇಡಿ. ನಾಳೆ ಬೆಳಿಗ್ಗೆ, ನಿಮಗಾಗಿ ಎತ್ತುವ, ಇಳಿಸುವ, ತೊಳೆಯುವ ಒಬ್ಬರ ಎದುರಿಗೆ ಹೋಗಿ ನಿಂತು ಕೇಳಿ: ನಿಮ್ಮ ಕೈಲಿ ಈಗ ಆಗದೇ ಇರೋ ಕೆಲಸ ಯಾವುದು? 'ಎಲ್ಲ ಆಗುತ್ತೆ ಸಾರ್' ಅನ್ನುತ್ತಾರೆ. ನಂಬಬೇಡಿ, ಹೇಳಿದರೆ ಕೆಲಸ ಹೋಗುವುದಿಲ್ಲ ಅಂತ ಮಾತು ಕೊಟ್ಟು ಇನ್ನೊಮ್ಮೆ ಕೇಳಿ. ಉತ್ತರ ಬಂದ ದಿನವೇ, ಅವರಿಗೆ ಕುರ್ಚಿ ಹುಡುಕುವ ಬದಲು, ಸ್ಪ್ಯಾನರು ಹುಡುಕಿ ಹಲಗೆ ಇಳಿಸಿ.